ಹೊಟ್ಟಿನ ಗುಡ್ಡೆಯ ಅಂಚಿನಲ್ಲಿ ನಿಂತವನು

ನಮ್ಮೂರ ಪಕ್ಕದ ಹುವಾನ್ ಕಾಡಿನ ಹಳೆಯ ಸಂಚಾರಿ ಸಾಮಿಲ್ಲುಗಳನ್ನು ಅಂಗೈಯಗಲದ ಮಾದರಿಗಳಾಗಿ ಕಟ್ಟುವುದು ನನ್ನ ಹುಚ್ಚು. ಒಂದು ಕಣಿವೆಯ ಮರ ಮುಗಿದರೆ ಬಾಯ್ಲರು, ಗರಗಸ, ಬೆಲ್ಟು ಎಲ್ಲ ಬಿಚ್ಚಿಕೊಂಡು ಮುಂದಿನ ಕಣಿವೆಗೆ ಹೋಗುತ್ತಿದ್ದ ಮಿಲ್ಲುಗಳವು. ನಕ್ಷೆ ಗಿಕ್ಷೆ ಉಳಿದಿಲ್ಲ. ಪುಣ್ಯವಿದ್ದರೆ ಒಂದು ಫೋಟೋ, ಜರೀಗಿಡಗಳ ನಡುವೆ ತುಕ್ಕು ಹಿಡಿದ ಒಂದು ಚಕ್ರ ಸಿಗುತ್ತದೆ.

ಫೋಟೋದಿಂದ ಅಳತೆ ತೆಗೆಯಲು ನಾವೆಲ್ಲ ಮಾಡುವುದು ಒಂದೇ ಉಪಾಯ. ಯಂತ್ರದ ಪಕ್ಕ ನಿಂತ ಮನುಷ್ಯನನ್ನೇ ಅಳತೆಗೋಲು ಮಾಡಿಕೊಳ್ಳುತ್ತೇವೆ. ಹಡಾರ್ಟ್ ಮನೆತನದ ಮಿಲ್ಲಿನ ಫೋಟೋದಲ್ಲಿ ಎಲ್ಲರೂ ದಿಮ್ಮಿಯ ಮೇಲೆ ಕೂತಿದ್ದರು. ಒಬ್ಬ ಮಾತ್ರ ಹಿಂದೆ, ದೊಡ್ಡ ಚಕ್ರದ ಪಕ್ಕ, ಗರಗಸದಿಂದ ಉದುರಿದ ಮರದ ಹೊಟ್ಟಿನ ಗುಡ್ಡೆಯ ಅಂಚಿನಲ್ಲಿ ನೆಟ್ಟಗೆ ನಿಂತಿದ್ದ. ಫೋಟೋದ ಮೇಲೆ ತೆಳು ಕಾಗದ ಹರಡಿ, ಅವನ ನೆತ್ತಿಯಿಂದ ಹಿಮ್ಮಡಿಗೆ ಪೆನ್ಸಿಲ್ ಗೆರೆ ಎಳೆದೆ. ಆರಡಿ ಎಂದುಕೊಂಡರೆ ಕಾಡಿನಲ್ಲಿ ಉಳಿದಿದ್ದ, ನಾನೇ ಅಳೆದ ಅದೇ ಚಕ್ರಕ್ಕೆ ಲೆಕ್ಕ ಕೂಡಲಿಲ್ಲ. ತಲೆ ಕೆಟ್ಟುಹೋಯಿತು. ಐದಡಿ ಮೂರಂಗುಲ ಎಂದುಕೊಂಡೆ ನೋಡಿ, ಎಲ್ಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು.

ಗುಡ್ಡೆಯ ಬಳಿ ಅವನ ಬೊಂಬೆಯನ್ನೂ ನಿಲ್ಲಿಸಿ, ಮಾದರಿಯನ್ನು ಕ್ಲೆಮ್ ಹಡಾರ್ಟನಿಗೆ ತೋರಿಸಲು ಒಯ್ದೆ. ಆ ಮಿಲ್ಲು ಕಂಡವರಲ್ಲಿ ಉಳಿದಿರುವುದು ಈ ತೊಂಬತ್ತರ ಮುದುಕನೊಬ್ಬನೇ. ಅವನ ಅಣ್ಣ ಪರ್ಸ್ ಬಸುರಿ ಹೆಂಡತಿಯನ್ನು ಬಿಟ್ಟು ಯಾರದೋ ಜೊತೆ ಮೆಲ್ಬರ್ನಿಗೆ ಓಡಿಹೋದನೆಂದು ಊರಿಗೆಲ್ಲ ಗೊತ್ತು. ಆಮೇಲೆ ಹುಟ್ಟಿದ ಐವಿಯನ್ನು ಸಾಕಿದವನು ಕ್ಲೆಮ್. ಎಪ್ಪತ್ತು ದಾಟಿದರೂ 'ಬೇಡವಾದ ಕೂಸು ನಾನು' ಎನ್ನುವುದು ಐವಿಯ ಬಾಯಿಂದ ಹೋಗಿಲ್ಲ.

ಐವಿ ಚಹಾ ತಂದಿಟ್ಟಳು. ಕ್ಲೆಮ್ ಮಾದರಿಯ ಮೇಲೆ ಬಾಗಿದ.

"ನಮ್ಮ ಮಿಲ್ಲನ್ನೇ ಹೊತ್ಕೊಂಡು ಬಂದಿದ್ದೀಯಲ್ಲೇ ನೋಲಾ. ಆದ್ರೆ ಇವನ್ಯಾರು, ಗುಡ್ಡೆ ಹತ್ರ?"

"ಫೋಟೋದಲ್ಲಿರೋನು."

"ಅಲ್ಲಿ ಯಾರೂ ನಿಂತಿರ್ಲಿಲ್ಲ ಕಣೇ. ಇದ್ದೋರೆಲ್ಲ ದಿಮ್ಮಿ ಮೇಲೆ ಕೂತಿದ್ವಿ."

ನನಗೆ ಸಿಟ್ಟು ಬಂತು. ನನ್ನ ಅಳತೆಯಲ್ಲಿ ತಪ್ಪು ಹುಡುಕುವುದೇ? "ವಯಸ್ಸಾಯ್ತು ಕ್ಲೆಮ್, ಮರೆತಿದ್ದೀರಿ" ಎಂದು ಚೀಲದಿಂದ ಫೋಟೋ ತೆಗೆದು ಅವನ ಮುಂದಿಟ್ಟೆ.

ಚಕ್ರದ ಪಕ್ಕ ಯಾರೂ ಇರಲಿಲ್ಲ.

ಕನ್ನಡಕ ಒರೆಸಿಕೊಂಡೆ. ಭೂತಗನ್ನಡಿ ಹಿಡಿದೆ. ಗುಡ್ಡೆಯಿಂದ ಏಳುವ ತೆಳು ಹೊಗೆ ಮಾತ್ರ ಇತ್ತು. ತೆಳು ಕಾಗದವನ್ನು ಮೇಲಿಟ್ಟರೆ ನನ್ನ ಪೆನ್ಸಿಲ್ ಗೆರೆ ಆ ಹೊಗೆಯಲ್ಲಿ ಶುರುವಾಗಿ ಬರಿಯ ಹೊಟ್ಟಿನ ಮೇಲೆ ಮುಗಿಯುತ್ತಿತ್ತು. ತಿಂಗಳಿಡೀ ನಾನು ಅವನ ಮುಖ ನೋಡಿದ್ದೆ, ಅವನ ಟೋಪಿಗೆ ಬಣ್ಣ ಹಚ್ಚಿದ್ದೆ.

"ಎಷ್ಟೆತ್ತರ ಇದ್ದ?" ಕ್ಲೆಮ್ ಕೇಳಿದ. ದನಿ ಸಣ್ಣಗಾಗಿತ್ತು.

"ಐದಡಿ ಮೂರಂಗುಲ. ಅದಕ್ಕಿಂತ ಒಂದಂಗುಲ ಹೆಚ್ಚಾದ್ರೂ ಚಕ್ರದ ಲೆಕ್ಕ ತಪ್ಪುತ್ತೆ."

ಮುದುಕ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದ. "ಹಡಾರ್ಟರಲ್ಲಿ ಕುಳ್ಳ ಅಂದ್ರೆ ಪರ್ಸ್ ಒಬ್ಬನೇ. ಈ ಫೋಟೋ ತೆಗೆದದ್ದು ಅವನು ಹೋದ ಮರುವಾರ. ಮರುದಿನವೇ ಮಿಲ್ಲು ಬಿಚ್ಚಿದ್ವಿ."

ಅವನು ಫೋಟೋದ ಗುಡ್ಡೆಯ ಮೇಲೆ ಬೆರಳಿಟ್ಟ. "ಆ ಗುಡ್ಡೆ ಒಳಗೊಳಗೇ ಉರೀತಿತ್ತು. ಮೇಲೆ ಗಟ್ಟಿ ಪದರ, ಕೆಳಗೆ ಕೆಂಡದ ಗುಂಡಿ. ಅದರ ಮೇಲೆ ಕಾಲಿಡಬೇಡ್ರೋ ಅಂತ ಅಪ್ಪ ಬಡ್ಕೋತಿದ್ದ. ಪರ್ಸ್ ಎಲ್ಲಿ ಕೇಳ್ತಾನೆ? ಊಟದ ಹೊತ್ತಿಗೆ ಅದನ್ನೇ ಹತ್ತಿ ಹತ್ತಿರದ ದಾರಿ ಹಿಡೀತಿದ್ದ. ಅವನು ಕಾಣದೆ ಹೋದ ದಿನವೇ ಹೋಟೆಲಿನ ಹುಡುಗಿಯೊಬ್ಬಳು ಊರು ಬಿಟ್ಲು. ನಾವು ಎರಡನ್ನೂ ಸೇರಿಸಿ ಕಥೆ ಕಟ್ಟಿದ್ವಿ. ಗುಡ್ಡೇನ ಯಾರೂ ಕೆದಕಿ ನೋಡ್ಲಿಲ್ಲ. ಇಷ್ಟು ವರ್ಷ ಅವನಿಗೆ ಹಿಡಿಶಾಪ ಹಾಕಿದೆನಲ್ಲ ನಾನು." ಅವನು ಮುಖ ಮುಚ್ಚಿಕೊಂಡು ಅತ್ತ.

ಐವಿ ಅಳಲಿಲ್ಲ. ಮಾದರಿಯ ಹತ್ತಿರ ಬಂದು ಆ ಗಿಡ್ಡ ಬೊಂಬೆಯನ್ನೇ ನೋಡುತ್ತ ನಿಂತಳು.

"ನೋಲಾ, ನೀನು ಕಂಡಾಗ ಅವನ ಮುಖ ಯಾವ ಕಡೆಗಿತ್ತು?"

"ಫೋಟೋದಾಚೆಗೆ, ಎಡಕ್ಕೆ. ಅಲ್ಲೇನಿತ್ತೋ ನಂಗೊತ್ತಿಲ್ಲ."

ಐವಿ ಕ್ಲೆಮ್‌ನ ಕಡೆ ತಿರುಗಿದಳು. "ಏನಿತ್ತು ಚಿಕ್ಕಪ್ಪ?"

"ನಿಮ್ಮಮ್ಮನ ಗುಡಿಸಲು" ಎಂದ ಕ್ಲೆಮ್. "ಮನೆಗೆ ಬರ್ತಿದ್ದ ಮಗಳೇ."