ಆರನೆಯ ಮುಚ್ಚಳ

ಮೊಲದ ತಲೆಗೇ ಗುಂಡು ಬೀಳಬೇಕು. ಕತ್ತಿಗೋ ಭುಜಕ್ಕೋ ಬಿದ್ದರೆ ಮಾಂಸ ಕೊಳ್ಳುವ ಕೋಲ್ಡ್ ರೂಮಿನವನು ಮಾತಾಡುವುದಿಲ್ಲ, ಕಂಬಿಯಿಂದ ಕಿತ್ತು ನಾಯಿಗಳ ಡಬ್ಬಕ್ಕೆ ಎಸೆಯುತ್ತಾನೆ. ಯಾರಬಿನ್ ಕುರಿ ಎಸ್ಟೇಟಿನ ಪಡುವಣ ಬಯಲಲ್ಲಿ ಮೂವತ್ತೊಂದು ವರ್ಷ ಮೊಲ ಹೊಡೆದ ನೆರೀಡಾ, ಆ ಡಬ್ಬ ಯಾವ ಬಣ್ಣದ್ದು ಅಂತಲೂ ತಿಳಿಯದವಳು. ಅವಳ ಮೊಲಗಳು ಹಿಂಗಾಲಿಗೆ ಹಿಂಗಾಲು ಪೋಣಿಸಿ, ಜೋಡಿ ಜೋಡಿಯಾಗಿ, ಕಂಬಿಯ ಮೇಲೆ ಒಂದೇ ಸಮನೆ ತೂಗುತ್ತಿದ್ದವು. ಮೈಮೇಲೆ ಒಂದು ತೂತಿಲ್ಲ. ಬೇರೆ ಬೇಟೆಗಾರರು ಬಂದು ನೋಡಿ, ತಮ್ಮ ಸಾಲನ್ನು ಸ್ವಲ್ಪ ಆಚೆ ಸರಿಸಿಕೊಳ್ಳುತ್ತಿದ್ದರು.

ಆದರೆ ಈ ಎರಡು ತಿಂಗಳಲ್ಲಿ ಅವಳ ಹದಿನಾಲ್ಕು ಮೊಲ ಡಬ್ಬಕ್ಕೆ ಬಿದ್ದಿದ್ದವು.

ಎಸ್ಟೇಟಿನ ಹೊಸ ಮ್ಯಾನೇಜರ್ ಗ್ಯಾರಿಕ್ ಬುಧವಾರ ಬೆಳಿಗ್ಗೆ ಅವಳ ಮನೆ ಮುಂದೆ ಪಿಕಪ್ ನಿಲ್ಲಿಸಿ, ಇಂಜಿನ್ ಕೂಡ ಆರಿಸದೆ, ಕಿಟಕಿಯಿಂದಲೇ ವಿಷಯ ಹೇಳಿದ.

"ನೆರೀಡಾ, ನಾನೂ ಮೇಲಿನೋರಿಗೆ ಉತ್ತರ ಕೊಡ್ಬೇಕು. ಶನಿವಾರ ಉಣ್ಣೆ ಕೊಟ್ಟಿಗೆ ಹಿಂದಕ್ಕೆ ಬನ್ನಿ. ಐವತ್ತು ಮೀಟರಿಗೆ ಐದು ಬಿಯರ್ ಮುಚ್ಚಳ ಇಡ್ತೀನಿ, ಐದು ಗುಂಡು. ಹೊಡೆದ್ರೆ ಬಯಲು ನಿಮ್ದೇ. ಇಲ್ಲಾಂದ್ರೆ ಪೇಟೆಯ ಇಬ್ರು ಕೇಳ್ತಿದಾರೆ, ಅವ್ರಿಗೆ ಕೊಟ್ಬಿಡ್ತೀನಿ."

ಸೌದೆ ಒಡೆಯುತ್ತಿದ್ದ ಟ್ರೆಂಟ್ ಕೊಡಲಿ ಸಮೇತ ಗೇಟಿನವರೆಗೆ ಬಂದ. ನೆರೀಡಾಳ ಅಣ್ಣನ ಮಗ ಅವನು. ಒಂಬತ್ತನೇ ವಯಸ್ಸಿನಿಂದ ಅವಳ ಅಡುಗೆಮನೆಯಲ್ಲೇ ಬೆಳೆದವನು, ಹದಿನೈದಕ್ಕೆ ಶಾಲೆಗೆ ಕೈಮುಗಿದು ಕುರಿ ಉಣ್ಣೆ ಕತ್ತರಿಸಲು ಹೋದವನು. ಈಗ ಇಪ್ಪತ್ತೆರಡು. ಸಿಟ್ಟು ಅವನಿಗೆ ಉಸಿರಿನಷ್ಟೇ ಸಲೀಸು.

"ಮೂವತ್ತೊಂದು ವರ್ಷ ಹೊಡ್ದೋರಿಗೆ ಪರೀಕ್ಷೆನಾ? ನೀವು ಬಂದು ಎಷ್ಟು ತಿಂಗ್ಳಾಯ್ತು ಸಾರ್? ಮೊಲದ ಬಾಲ ಯಾವ ಕಡೆ ಇರುತ್ತೆ ಅಂತನಾದ್ರೂ ಗೊತ್ತಾಯ್ತಾ?"

"ಕೊಡಲಿ ಕೆಳಗಿಡು ಮೊದ್ಲು," ಅಂದಳು ಅತ್ತೆ. "ಅದನ್ನ ಹಿಡ್ಕೊಂಡು ಮಾತಾಡಿದ್ರೆ ಯಾರಿಗೂ ಮಾತು ಕೇಳ್ಸಲ್ಲ." ಆಮೇಲೆ ಗ್ಯಾರಿಕ್ ಕಡೆ ತಿರುಗಿ, "ಶನಿವಾರ ಎಷ್ಟೊತ್ತಿಗೆ?" ಅಂದಳು.

"ಹತ್ತಕ್ಕೆ."

"ಬರ್ತೀನಿ."

ಅಷ್ಟೇ. ಪಿಕಪ್ಪಿನ ಧೂಳು ಇಳಿಯುವ ಮೊದಲೇ ಅವಳು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಿದ್ದಳು.

ಅವಳ ಬಂದೂಕು ಅಂಥಾ ದೊಡ್ಡದೇನಲ್ಲ. ಅಂಗಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಗೆ ಸಿಗುವ ಟೂಟೂ, ಸಣ್ಣ ಗುಂಡಿನ ಪಾಯಿಂಟ್ ಟೂಟೂ ರೈಫಲ್. ಮರದ ಬಣ್ಣ ಅಂಗೈ ತಾಗಿದ ಕಡೆಯೆಲ್ಲ ಹೋಗಿತ್ತು. ನಳಿಗೆ ತುದಿಯ ಗುರಿಮೊಳೆ ನೋಡಿಯೇ ಅಷ್ಟು ವರ್ಷ ಹೊಡೆದಳು. ಅರವತ್ತು ದಾಟಿದ ಮೇಲೆ ಆ ಮೊಳೆ ಮಸುಕಾಗತೊಡಗಿತು. ಕಳೆದ ಆಗಸ್ಟಿನಲ್ಲಿ ಅವಳಿಗೆ ಅರವತ್ತಾರು ತುಂಬಿದಾಗ ಟ್ರೆಂಟ್ ಒಂದು ದುರ್ಬೀನು ತಂದು ಬಂದೂಕಿನ ನೆತ್ತಿಗೆ ಕೂರಿಸಿದ್ದ. ಎಂಥಾ ದುರ್ಬೀನು! ಮುಂದಿನ ಗಾಜು ಚಹಾ ಲೋಟದ ಬಾಯಷ್ಟು ಅಗಲ. ಜಿಂಕೆ ಬೇಟೆಯವನೊಬ್ಬನಿಂದ ಕೊಂಡಿದ್ದು, ಬಂದೂಕಿಗಿಂತ ದುರ್ಬೀನಿನ ಬೆಲೆಯೇ ಮೂರು ಪಟ್ಟು. ಆರು ವಾರ ಬೆನ್ನು ಬಗ್ಗಿಸಿ ಕುರಿ ಉಣ್ಣೆ ಕತ್ತರಿಸಿದ ದುಡ್ಡು. ಅತ್ತೆ ಅದನ್ನು ಸೆರಗಿನಷ್ಟು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಒರೆಸಿ ಇಡುತ್ತಿದ್ದಳು. ಬಯಲಿನ ಎಲ್ಲರಿಗೂ ತೋರಿಸಿದ್ದಳು.

ಬುಧವಾರ ಮಧ್ಯಾಹ್ನ ಇಬ್ಬರೂ ಒಣಗಿದ ಕೆರೆಯ ಏರಿಗೆ ಹೋದರು. ಏರಿಯ ಮಣ್ಣಿಗೆ ಒಂದು ಹಲಗೆ ಒರಗಿಸಿ ಒಂದು ಮುಚ್ಚಳವನ್ನು ಮೊಳೆ ಹೊಡೆದು ಬಿಗಿದರು. ಅತ್ತೆ ಮರಳು ಚೀಲದ ಮೇಲೆ ಬಂದೂಕಿಟ್ಟು ಮಲಗಿ ಐದು ಹೊಡೆದಳು. ಒಂದು ಗುಂಡು ಮುಚ್ಚಳಕ್ಕೆ ತಾಗಿತು. ಉಳಿದ ನಾಲ್ಕು ಎಡಕ್ಕೆ, ಬಲಕ್ಕೆ, ಮೇಲೆ, ಬೆರಳಗಲ ಬೆರಳಗಲ ದೂರದಲ್ಲಿ ಹಲಗೆ ಸೇರಿದವು.

"ಬಂದೂಕು ಕೆಟ್ಟಿದೆ. ಕೊಡು ಇಲ್ಲಿ," ಅಂದ ಟ್ರೆಂಟ್.

ಅವನು ಮಲಗಿ ಐದು ಹೊಡೆದ. ಐದೂ ಮುಚ್ಚಳದೊಳಗೆ. ಹೆಬ್ಬೆಟ್ಟಿನಲ್ಲಿ ಮುಚ್ಚಬಹುದಾದಷ್ಟು ಹತ್ತಿರ.

ಬದುಕಿನಲ್ಲಿ ಮೊದಲ ಸಲ ಅವನಿಗೆ ಸರಿಯಾಗಿ ಹೊಡೆದದ್ದಕ್ಕೆ ನಾಚಿಕೆಯಾಯಿತು.

"ನೋಡಿದ್ಯಲ್ಲ," ಅಂದಳು ಅತ್ತೆ. ದನಿಯಲ್ಲಿ ಏರಿಳಿತವಿಲ್ಲ. "ಬಂದೂಕು ಚೆನ್ನಾಗೇ ಇದೆ." ಮೊಣಕಾಲಿನ ಮಣ್ಣು ಕೊಡವಿಕೊಂಡು ತಮ್ಮ ಪಿಕಪ್ ಕಡೆ ಹೊರಟಳು.

ಟ್ರೆಂಟ್ ಏಳಲಿಲ್ಲ. ಬಂದೂಕು ಚೀಲದ ಮೇಲೇ ಇತ್ತು, ಖಾಲಿ. ಕಣ್ಣು ದುರ್ಬೀನಿನಲ್ಲೇ ಇತ್ತು, ಗುರಿ ತೋರಿಸುವ ಕೂಡುಗೆರೆ ಮುಚ್ಚಳದ ನಟ್ಟನಡುವೆ. ಅಕ್ಟೋಬರಿನ ನೊಣವೊಂದು ಬಂದು ಕಣ್ಣಿನ ಮೂಲೆಗೆ ಕೂತಿತು. ಕೈ ಎತ್ತಲೂ ಬೇಜಾರಾಗಿ ತಲೆಯನ್ನಷ್ಟೇ ಕೊಡವಿದ.

ಕೂಡುಗೆರೆ ಮುಚ್ಚಳ ಬಿಟ್ಟು ಆಚೆ ಹೋಯಿತು.

ಬಂದೂಕು ಕದಲಿಲ್ಲ. ಅವನು ಮುಟ್ಟಿಯೂ ಇಲ್ಲ. ತಲೆಯನ್ನು ನಿಧಾನಕ್ಕೆ ಎಡಕ್ಕೆ ಸರಿಸಿದ, ಗೆರೆ ಮುಚ್ಚಳದ ಒಂದು ಅಂಚಿನಾಚೆ. ಬಲಕ್ಕೆ ಸರಿಸಿದ, ಇನ್ನೊಂದು ಅಂಚಿನಾಚೆ. ಮೇಲೆ, ಕೆಳಗೆ. ಎಲ್ಲಿ ತಲೆಯೋ ಅಲ್ಲಿ ಗೆರೆ. ಕಲ್ಲಿನ ಹಾಗೆ ಬಿದ್ದಿರುವ ಬಂದೂಕಿನ ಮೇಲೆ ಗುರಿ ಮಾತ್ರ ನೊಣದಂತೆ ಓಡಾಡುತ್ತಿತ್ತು.

"ಅತ್ತೆ! ಬಾ ಇಲ್ಲಿ. ಇನ್ನೊಂದು ಸಲ ಮಲ್ಕೋ. ಹೊಡೀಬೇಡ, ಸುಮ್ನೆ ಗುರಿ ಹಿಡಿ. ಏಳು. ಮತ್ತೆ ಹಿಡಿ."

ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವಳ ಕೆನ್ನೆಯನ್ನೇ ನೋಡಿದ. ನಾಲ್ಕು ವರ್ಷದ ಹಿಂದೆ ನಾಲ್ಕು ಗಾಲಿಯ ಮೋಟಾರ್ ಬೈಕು ಮಗುಚಿ ಅವಳ ಹೆಗಲ ಮೂಳೆ ಮುರಿದಿತ್ತು. ಅವತ್ತಿನಿಂದ ಕತ್ತು ಪೂರ್ತಿ ಬಾಗುವುದಿಲ್ಲ. ಕೆನ್ನೆ ಒಂದು ಸಲ ಕೂತ ಜಾಗದಲ್ಲಿ ಇನ್ನೊಂದು ಸಲ ಕೂರುವುದಿಲ್ಲ. ಸಾಲದ್ದಕ್ಕೆ ಆ ಲೋಟದಗಲದ ಗಾಜು ನಳಿಗೆಗೆ ತಾಗಬಾರದು ಅಂತ ದುರ್ಬೀನನ್ನು ಎತ್ತರದ ಹಿಡಿಕೆಗಳ ಮೇಲೆ ಕೂರಿಸಿದ್ದ. ಅಷ್ಟೆತ್ತರಕ್ಕೆ ಅವಳ ಕೆನ್ನೆ ಮರದ ಆಸರೆ ಬಿಟ್ಟು ಗಾಳಿಯಲ್ಲಿ ತೇಲುತ್ತಿತ್ತು, ಕೆನ್ನೆ ಅಲುಗಿದಷ್ಟೂ ಗುರಿ ಅಲುಗುತ್ತಿತ್ತು. ದೂರದ ಬೆಟ್ಟದ ಜಿಂಕೆಗೆ ಹೊಂದಿಸಿ ಮಾಡಿದ ಗಾಜು, ಮೂಗಿನ ಮುಂದಿನ ಮೊಲಕ್ಕೆ ಒಗ್ಗಲಿಲ್ಲ. ಹದಿನಾಲ್ಕು ಮೊಲ ಡಬ್ಬಕ್ಕೆ ಹಾಕಿದ್ದು ಅತ್ತೆಯ ಕೈಯಲ್ಲ, ಕಣ್ಣಲ್ಲ.

"ಈ ದುರ್ಬೀನು ನಿಂಗೆ ಆಗ್ಬರ್ತಾ ಇಲ್ಲ ಅತ್ತೆ."

ಅವಳು ಗಾಜಿನ ಮೇಲಿನ ಧೂಳನ್ನು ತೋಳಿನಿಂದ ಒರೆಸಿದಳು. ಅದನ್ನು ನೋಡಿದ ಮೇಲೆ ಟ್ರೆಂಟ್‌ಗೆ ಅರ್ಥವಾಯಿತು.

"ನಿಂಗೆ ಗೊತ್ತಿತ್ತಾ?"

"ಎರಡನೇ ವಾರದಿಂದ. ಯಾಕೆ ಅಂತ ಗೊತ್ತಿಲ್ಲ. ಒಗ್ಗಲ್ಲ ಅಂತ ಗೊತ್ತಿತ್ತು."

"ಮತ್ತೆ ಬಾಯಿ ಬಿಡ್ಬಾರ್ದಾ? ಅವನು ಬಂದು ಮುಖಕ್ಕೆ ಹೇಳೋಗ್ತಾನೆ, ನೀನು ಚಹಾ ಇಡ್ತೀಯ? ಬಯಲು ಹೋದ್ರೂ ಸರಿ, ದುರ್ಬೀನು ಇರ್ಲಿ ಅಂತನಾ?"

"ಆರು ವಾರ ಕತ್ತರಿಸಿದ್ದೆ ನೀನು," ಅಂದಳು ಅತ್ತೆ. "ನಂಗೆ ಯಾರೂ ಇಷ್ಟು ದೊಡ್ಡದು ತಂದು ಕೊಟ್ಟಿರ್ಲಿಲ್ಲ."

ಟ್ರೆಂಟ್ ಮೇಲೆದ್ದು ಖಾಲಿ ಪೆಟ್ಟಿಗೆಯೊಂದನ್ನು ಒದ್ದ. ಅದು ಏರಿ ಇಳಿದು ಕೆರೆಯ ನಡುವಿನವರೆಗೂ ಹೋಯಿತು. ಆಮೇಲೆ ಹೋಗಿ ಅದನ್ನು ಎತ್ತಿಕೊಂಡು ಬಂದ.

ಗುರುವಾರ ಅವನು ಪೇಟೆಯ ಬಂದೂಕಿನಂಗಡಿಯಲ್ಲಿದ್ದ. ಅಂಗಡಿಯ ಸೆಸ್ ಹೊಟ್ಟೆ ಮೇಲೆ ಕೈಕಟ್ಟಿಕೊಂಡು ಗಿರಾಕಿಗಳಿಗೆ ಪಾಠ ಮಾಡುವ ಆಸಾಮಿ.

"ಟೂಟೂಗೆ ದುರ್ಬೀನು. ನಾಲ್ಕು ಪಟ್ಟು ದೊಡ್ಡದಾಗಿ ತೋರ್ಸೋದು ಸಾಕು. ಸಣ್ಣ ಗಾಜು. ಗಿಡ್ಡ ಹಿಡಿಕೆ."

"ನಾಲ್ಕಾ?" ಸೆಸ್ ನಕ್ಕ. "ಮಕ್ಕಳಾಟಿಕೆ ತಮ್ಮಾ ಅದು. ಇಗೋ ಇದು ಹದಿನಾರು ಪಟ್ಟು. ಮೊಲದ ಮೀಸೆ ಎಣಿಸ್ಬೋದು."

"ಮೀಸೆ ಎಣ್ಸೋಕಲ್ಲ, ಹೊಡಿಯೋಕೆ. ಹದಿನಾರರಲ್ಲಿ ಹುಡುಕೋ ಹೊತ್ತಿಗೆ ಮೊಲ ಮಕ್ಕಳು ಮರಿ ಮಾಡ್ಕೊಂಡಿರುತ್ತೆ. ಆ ಮರಳು ಚೀಲ ಕೊಡಿ."

"ಎಷ್ಟು ಓದಿದ್ದೀಯ ನೀನು?"

"ನಿಮ್ಮ ಪಾಠ ಕೇಳದಿರೋಕೆ ಬೇಕಾದಷ್ಟು."

ಬಾಗಿಲ ಆಚೆ, ರಸ್ತೆ ತಿರುವಿನ ಹೆಂಡದಂಗಡಿಯ ಮೇಲೆ ಹುಂಜದ ಚಿತ್ರದ ಫಲಕವಿತ್ತು. ಐವತ್ತು ಹೆಜ್ಜೆ ಇದ್ದೀತು. ಟ್ರೆಂಟ್ ಮೇಜಿನ ಮೇಲೆ ಚೀಲವಿಟ್ಟು, ಅದರಲ್ಲಿ ಹದಿನಾರು ಪಟ್ಟಿನ ದುರ್ಬೀನನ್ನು ಹುದುಗಿಸಿ, ಕೂಡುಗೆರೆಯನ್ನು ಹುಂಜದ ಕಣ್ಣಿಗೆ ಹೊಂದಿಸಿದ. ಕೈ ಬಿಟ್ಟು ತಲೆ ಮಾತ್ರ ಅಲ್ಲಾಡಿಸಿದ. ಗೆರೆ ಕಣ್ಣಿನಿಂದ ಕೊಕ್ಕಿಗೆ, ಕೊಕ್ಕಿನಿಂದ ಜುಟ್ಟಿಗೆ ಓಡಿತು. ಎತ್ತಿಟ್ಟ. ಎರಡನೆಯದು ತೆಳು ಗೆರೆಯದು, ಅದೂ ಓಡಿತು. ಕೆಳಗಿನ ಹಲಗೆಯಲ್ಲಿ ಧೂಳು ಹಿಡಿದ ಡಬ್ಬಿಯೊಂದಿತ್ತು. ಅದರೊಳಗಿನದು ಗೇಣುದ್ದದ್ದು, ಕಪ್ಪು, ಗೆರೆ ದಪ್ಪ. ಹುಂಜದ ಕಣ್ಣಿಗೆ ಹೊಂದಿಸಿದ. ತಲೆ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ.

ಗೆರೆ ಕಣ್ಣಿನಲ್ಲೇ ಕೂತಿತ್ತು.

"ಇದು," ಅಂದ. ಆಮೇಲೆ ಅದರ ಹಿಡಿಕೆಗಳು ಅತ್ತೆಯ ಬಂದೂಕಿನ ನೆತ್ತಿಯ ಕಿರಿದಾದ ತೋಡಿಗೆ ಕೂರುತ್ತವೋ ಇಲ್ಲವೋ ಅಂತ ಸೆಸ್‌ನ ಗೋಡೆಗೆ ತೂಗುಹಾಕಿದ ಅಂಥದೇ ಬಂದೂಕಿಗೆ ಹಾಕಿ ನೋಡಿದ. ಅಳತೆ ತೆಗೆದಂತೆ ಕೂತಿತು, ನಳಿಗೆಗೆ ಮೈ ತಾಗಿಸಿಕೊಂಡಷ್ಟು ತಗ್ಗಿಗೆ.

ಸೆಸ್ ಬಗ್ಗಿ ಮೊದಲು ಆ ಸಣ್ಣದರಲ್ಲಿ, ಆಮೇಲೆ ಹದಿನಾರು ಪಟ್ಟಿನದರಲ್ಲಿ ಇಣುಕಿ ತಲೆ ಅಲ್ಲಾಡಿಸಿ ನೋಡಿದ.

"ಯಾರಯ್ಯ ಹೇಳ್ಕೊಟ್ಟೋರು ಇದನ್ನ?"

"ಒಂದು ನೊಣ," ಅಂದು ಟ್ರೆಂಟ್ ದುಡ್ಡು ಎಣಿಸಿಟ್ಟ.

ಶನಿವಾರ ಹತ್ತಕ್ಕೆ ಉಣ್ಣೆ ಕೊಟ್ಟಿಗೆಯ ಹಿಂದೆ ಗ್ಯಾರಿಕ್ ಇದ್ದ, ಕೋಲ್ಡ್ ರೂಮಿನವನಿದ್ದ, ಬಯಲು ಕೇಳಿದ್ದ ಪೇಟೆಯ ಇಬ್ಬರೂ ಹೊಸ ಪಿಕಪ್ಪಿನ ಬಾನೆಟ್ಟಿನ ಮೇಲೆ ಕೂತಿದ್ದರು. ಅವರ ಬಂದೂಕುಗಳ ಮೇಲೆ ನೀರಿನ ಕೊಳವೆಯಷ್ಟು ದಪ್ಪದ ದುರ್ಬೀನುಗಳು.

"ಅಯ್ಯೋ, ಅಜ್ಜಿ ಪೆನ್ಸಿಲ್ ಕಟ್ಕೊಂಡ್ ಬಂದೈತೆ," ಅಂದ ಅವರಲ್ಲೊಬ್ಬ.

ಟ್ರೆಂಟ್ ಎರಡು ಹೆಜ್ಜೆ ಅತ್ತ ಇಟ್ಟಾಗಿತ್ತು. ಅತ್ತೆ ಬಂದೂಕಿನ ಮರದ ತುದಿಯಿಂದ ಅವನ ಮೊಣಕಾಲಿಗೆ ಮೆಲ್ಲಗೆ ತಟ್ಟಿದಳು.

"ಚೀಲ ಹಾಸು."

ಹಾಸಿದ. ಅವಳು ಮಲಗಿದಳು. ಶುಕ್ರವಾರವೆಲ್ಲ ಏರಿಯ ಮೇಲೆ ಹೊಡೆದು ಹೊಂದಿಸಿಕೊಂಡಿದ್ದರೂ ಟ್ರೆಂಟ್ ಮತ್ತೊಮ್ಮೆ ಬಗ್ಗಿ ನೋಡಿದ. ಅವಳ ಕೆನ್ನೆ ಈಗ ಮರಕ್ಕೆ ತಾಗಿತ್ತು. ಪೂರ್ತಿ ಅದೇ ಜಾಗಕ್ಕಲ್ಲ, ಯಾವತ್ತೂ ಅದೇ ಜಾಗಕ್ಕೆ ತಾಗುವುದೂ ಇಲ್ಲ. ತಾಗದಿದ್ದರೂ ನಡೆಯುತ್ತದೆ. ಅದಕ್ಕೇ ತಾನೇ ಇದನ್ನು ಆರಿಸಿದ್ದು.

ಮೊದಲ ಮುಚ್ಚಳ ಹಲಗೆಯಿಂದ ಹಾರಿತು. ಎರಡನೆಯದು. ಮುಂದಿನ ಗುಂಡಿಗೆ ಅವಳು ಬೋಲ್ಟ್ ಎಳೆಯುವ ಸದ್ದು ನಿಧಾನ, ಅಡುಗೆಮನೆಯ ಡ್ರಾಯರ್ ಎಳೆದಂತೆ. ಮೂರನೆಯದು. ನಾಲ್ಕನೆಯದಕ್ಕೆ ಮುಂಚೆ ಒಮ್ಮೆ ತಲೆ ಎತ್ತಿ ಕತ್ತು ನೀವಿಕೊಂಡಳು. ಪೇಟೆಯವನು ಏನೋ ಅನ್ನಲು ಬಾಯಿ ತೆರೆದ. ನಾಲ್ಕನೆಯದು ಹಾರಿತು. ಅವನು ಬಾಯಿ ಮುಚ್ಚಿಕೊಂಡ.

ಐದನೆಯದೂ ಹಾರಿತು.

ಗ್ಯಾರಿಕ್ ಹ್ಯಾಟು ತೆಗೆದ. "ಬಯಲು ನಿಮ್ದು ನೆರೀಡಾ. ಬುಧವಾರ ನಾನು ಇಂಜಿನ್ ಆರಿಸಿ, ಇಳಿದು ಮಾತಾಡ್ಬೇಕಿತ್ತು."

"ಹೂಂ," ಅಂದಳು ಅವಳು. ಆದರೆ ಏಳಲಿಲ್ಲ. ಕೈ ಚಾಚಿದಳು. "ಇನ್ನೊಂದು ಮುಚ್ಚಳ ಇಡಿ."

"ಯಾಕೆ? ಐದೂ ಆಯ್ತಲ್ಲ."

"ಐದನ್ನ ಹೆಂಗೆ ತೂಗುಹಾಕ್ಲಿ? ಇವ್ನು," ಅಂತ ಕೋಲ್ಡ್ ರೂಮಿನವನ ಕಡೆ ಗಲ್ಲ ತೋರಿಸಿದಳು, "ಜೋಡಿ ಇಲ್ದಿದ್ರೆ ಕಂಬಿಗೆ ಹಾಕಲ್ಲ."

ಕೋಲ್ಡ್ ರೂಮಿನವನು ನಕ್ಕ. ಆ ಮನುಷ್ಯ ನಕ್ಕಿದ್ದನ್ನು ಟ್ರೆಂಟ್ ಅವತ್ತೇ ನೋಡಿದ್ದು. ಗ್ಯಾರಿಕ್ ಪಿಕಪ್ಪಿನಿಂದ ಬಾಟಲಿಯೊಂದನ್ನು ತಂದು, ಮುಚ್ಚಳ ಕಿತ್ತು, ತಾನೇ ಐವತ್ತು ಮೀಟರು ನಡೆದು ಹಲಗೆಗೆ ಚುಚ್ಚಿ ಬಂದ. ಟ್ರೆಂಟ್ ಜೇಬಿನಿಂದ ಒಂದು ಗುಂಡು ತೆಗೆದು ಅತ್ತೆಯ ಅಂಗೈಯಲ್ಲಿಟ್ಟ.

ಹಾರಿತು.

ಮಧ್ಯಾಹ್ನ ಕೋಲ್ಡ್ ರೂಮಿಗೆ ಹೋದವರೆಲ್ಲ ನೋಡಿದರು: ಅವಳ ಕಂಬಿಯ ತುದಿಯಲ್ಲಿ ಆರು ಬಿಯರ್ ಮುಚ್ಚಳ, ನಡುವಿನ ತೂತಿಗೆ ತಂತಿ ಪೋಣಿಸಿ, ಮೂರು ಜೋಡಿ, ಒಂದೇ ಸಮನೆ. ಪೋಣಿಸಿದ್ದು ಟ್ರೆಂಟ್. ಸಾಲು ಸ್ವಲ್ಪ ಡೊಂಕಾಗಿದೆ ಅಂತ ಅತ್ತೆ ಎರಡು ಸಲ ಬಿಚ್ಚಿಸಿ ಕಟ್ಟಿಸಿದ್ದಳು.

ದೊಡ್ಡ ದುರ್ಬೀನನ್ನು ಮಾರಲು ಅವಳು ಬಿಡಲಿಲ್ಲ. ಅದು ಅಡುಗೆಮನೆ ಕಿಟಕಿಯ ದಂಡೆಯ ಮೇಲಿದೆ, ಬಟ್ಟೆಯ ಮೇಲೆ. ಸಂಜೆ ಚಹಾ ಕುಡಿಯುತ್ತ ಅವಳು ಅದರಲ್ಲಿ ದೂರದ ಗೇಟು ನೋಡುತ್ತಾಳೆ, ಟ್ರೆಂಟ್ ಕೆಲಸದಿಂದ ಬರುವುದನ್ನು. ಬಂದವರು ಅದೇನು ಅಂತ ಕೇಳಿದರೆ, "ನನ್ನ ಹುಡುಗ ತಂದಿದ್ದು," ಅನ್ನುತ್ತಾಳೆ. ಆಮೇಲೆ ಬಂದೂಕನ್ನು ಪೆಟ್ಟಿಗೆಯಿಂದ ತೆಗೆದು ಆ ಗೇಣುದ್ದದ್ದನ್ನು ತೋರಿಸಿ, "ಇದೂ ಅವನೇ ಆರ್ಸಿದ್ದು," ಅನ್ನುತ್ತಾಳೆ. ಎರಡನೆಯದನ್ನು ಹೇಳುವಾಗ ದನಿ ಸ್ವಲ್ಪ ಜೋರು.