ಮೂವತ್ತೆರಡು ಪ್ರಶ್ನೆಗಳು

ಗುರುವಾರ ಹನ್ನೊಂದು ಗಂಟೆಗೆ ಸಮಿತಿಯ ಮುಂದೆ ಎಂಜಿನಿಯರರು ತಯಾರಿಸಿದ ಡಬ್ಬದ ಹಣೆಬರಹ ತೀರ್ಮಾನವಾಗಬೇಕಿತ್ತು. ಒಪ್ಪಿಗೆಯಾದರೆ ವಿದ್ಯುತ್ ಇಲಾಖೆಯ ಎಲ್ಲ ಸಬ್‌ಸ್ಟೇಷನ್‌ಗಳಲ್ಲೂ ಅಂಥದ್ದೊಂದು ಕೂರುತ್ತದೆ. ಇಲ್ಲವಾದರೆ ಇರುವ ಒಂದನ್ನೂ ಕಿತ್ತು ಗುಜರಿಗೆ ಹಾಕುತ್ತಾರೆ. ಅವರ ನಿವೃತ್ತಿಗೆ ಇನ್ನು ಮೂರೇ ತಿಂಗಳು.

ಮೂವತ್ನಾಲ್ಕು ವರ್ಷದ ನೌಕರಿಯಲ್ಲಿ ಅವರ ತಲೆಗೆ ಹೊಳೆದದ್ದು ಒಂದೆರಡಲ್ಲ. ನೆಲದಡಿಯ ಕೇಬಲ್ಲಿಗೆ ನೀರು ಇಳಿದದ್ದನ್ನು ಮೊದಲೇ ಹೇಳುವ ಮೀಟರಿನ ನಕ್ಷೆ ಕೇಂದ್ರ ಕಚೇರಿಯಲ್ಲಿ ಒಂಬತ್ತು ವರ್ಷ ‘ಪರಿಶೀಲನೆಯಲ್ಲಿ’ ಇತ್ತು. ಆಮೇಲೆ ಕಚೇರಿಯೇ ಬೇರೆ ಕಟ್ಟಡಕ್ಕೆ ಹೋಯಿತು, ನಕ್ಷೆ ಹೋಗಲಿಲ್ಲ. ಮನೆಯ ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕಿದರೆ ತಾನೇ ಹತ್ತುವ ದೀಪ ಮಾಡಿಕೊಟ್ಟಿದ್ದರು. ಹೆಂಡತಿ ಬಟ್ಟೆ ಒಗೆಯುವಾಗ ಬಾಗಿಲು ತೆರೆದಿಡುವವರು. ಹಾಗಾಗಿ ಕತ್ತಲಲ್ಲೇ ಒಗೆಯಬೇಕಾಯಿತು.

“ಏನ್ರೀ, ನಿಮ್ಮ ದೀಪಕ್ಕೆ ನಾನು ಹೊಂದಿಕೊಳ್ಬೇಕೋ, ನನಗೆ ಅದು ಹೊಂದಿಕೊಳ್ಬೇಕೋ?” ಎಂದು ಆಕೆ ಕೇಳಿದ್ದರು.

ಇವುಗಳಲ್ಲೆಲ್ಲ ಬದುಕುಳಿದದ್ದು ಈ ಡಬ್ಬ ಒಂದೇ. ಸಬ್‌ಸ್ಟೇಷನ್ನಿನಲ್ಲಿ ದಪ್ಪ ತಾಮ್ರದ ಪಟ್ಟಿಗಳನ್ನು ಬೋಲ್ಟು ಹಾಕಿ ಜೋಡಿಸಿರುತ್ತಾರೆ. ಬೋಲ್ಟು ಸಡಿಲವಾದರೆ ಆ ಜಾಗ ಬಿಸಿಯಾಗುತ್ತದೆ, ಹಾಗೇ ಬಿಟ್ಟರೆ ಒಂದು ದಿನ ಬೆಂಕಿ. ಬಿಸಿ ಏರತೊಡಗಿದ ಕೂಡಲೇ ಡಬ್ಬ ಗಂಟೆ ಬಾರಿಸುತ್ತದೆ. ಹನ್ನೊಂದು ವರ್ಷದ ಹಿಂದೆ ಊರಾಚೆಯ ಸಬ್‌ಸ್ಟೇಷನ್ನಿನಲ್ಲಿ ಅದನ್ನು ಕೂರಿಸಿದ ಮರುತಿಂಗಳೇ ಎಂಜಿನಿಯರರಿಗೆ ಮೀಟರು ವಿಭಾಗಕ್ಕೆ ವರ್ಗವಾಯಿತು. ಹೋಗುವಾಗ, ಗಂಟೆ ಬಾರಿಸಿದಾಗಲೆಲ್ಲ ತುಂಬಿ ಕಳಿಸಲೆಂದು ಒಂದು ಫಾರಂ ಅಚ್ಚು ಹಾಕಿಸಿ ಕೊಟ್ಟುಹೋದರು. ಒಂದೂ ಬರಲಿಲ್ಲ. ಎರಡು ಸಲ ಹೋಗಿ ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದು ನೋಡಿದರು. ಡಬ್ಬ ಕಿವಿ ಕಿವುಡಾಗುವಂತೆ ಗಂಟೆ ಬಾರಿಸಿತು. ಅಂದರೆ ಬೋಲ್ಟುಗಳೇ ಸಡಿಲವಾಗಿಲ್ಲ. ಎಲ್ಲೋ ಏನೋ ತಾಳೆಯಾಗುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಅವರು ಲಾಗ್‌ಬುಕ್ಕುಗಳನ್ನು ನೋಡಲು ಹೋದರು. ಅಲ್ಲಿನ ಆಪರೇಟರನಿಗೆ ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು. ಬಾಗಿಲು ದಾಟುವಾಗ ತಲೆ ಬಗ್ಗಿಸಿ ಬಗ್ಗಿಸಿ ಗೂನು ಬಂದಿತ್ತು. ಪುಟಪುಟಕ್ಕೂ ಅವನ ದುಂಡು ಅಕ್ಷರದಲ್ಲಿ ಒಂದೇ ಮಾತು: ‘ವಿಶೇಷವೇನಿಲ್ಲ.’

“ಅಲ್ಲಯ್ಯಾ, ಹನ್ನೊಂದು ವರ್ಷದಲ್ಲಿ ಒಂದು ಸಲಾನೂ ಬಾರಿಸಿಲ್ವಾ ಇದು?”

ಉದ್ದಣ್ಣ ಕತ್ತು ತುರಿಸಿಕೊಂಡ. “ಬಾರಿಸದೆ ಏನು ಸಾರ್. ಒಂದು ನಲವತ್ತು ಸಲ ಬಾರಿಸಿರಬಹುದು.”

ಎಂಜಿನಿಯರರು ಲಾಗ್‌ಬುಕ್ಕು ಮುಚ್ಚಿ ಕುರ್ಚಿ ಎಳೆದುಕೊಂಡು ಕೂತರು.

“ಬಾರಿಸಿದ ತಕ್ಷಣ ಲೋಡು ಪಕ್ಕದ ಲೈನಿಗೆ ಹಾಕ್ತೀನಿ. ವಾರಕ್ಕೊಂದು ದಿನ ಸ್ವಚ್ಛ ಮಾಡೋಕೆ ಹೇಗೂ ಬಂದ್ ಇರುತ್ತಲ್ಲ, ಆಗ ಬೋಲ್ಟು ಬಿಗಿ ಮಾಡಿಬಿಡ್ತೀನಿ. ಪಾಪ, ಒಳ್ಳೇ ಡಬ್ಬ ಸಾರ್. ಎರಡು ಸಲ ಅಂತೂ ಅದಿಲ್ದಿದ್ರೆ ಸ್ಟೇಷನ್ನೇ ಸುಟ್ಟುಹೋಗ್ತಿತ್ತು.”

“ಮತ್ತೆ ಯಾಕಯ್ಯಾ ಬರೀಲಿಲ್ಲ?”

“ಬರೆದ್ರೆ ಫಾರಂ ತುಂಬಬೇಕಲ್ಲ ಸಾರ್!” ಉದ್ದಣ್ಣ ಬೀರುವಿನಿಂದ ಒಂದು ಕಟ್ಟು ತೆಗೆದು ಮುಂದಿಟ್ಟ. ಧೂಳು ಕೂಡ ಹಾಗೇ ಕೂತಿತ್ತು. “ಮೂವತ್ತೆರಡು ಪ್ರಶ್ನೆ, ಮೂರು ಪ್ರತಿ. ಗಾಳಿ ಯಾವ ಕಡೆಯಿಂದ ಬೀಸ್ತಿತ್ತು ಅಂತೆ. ಗಂಟೆ ಕೇಳಿದಾಗ ನಾನು ಎಲ್ಲಿ ನಿಂತಿದ್ದೆ ಅಂತೆ. ಎಲ್ಲಿ ನಿಂತಿರ್ತೀನಿ ಸಾರ್, ಒಂದ್ಸಲ ಕಕ್ಕಸಿನಲ್ಲಿದ್ದೆ. ಅದನ್ನೂ ಮೂರು ಪ್ರತಿಯಲ್ಲಿ ಬರೀಲಾ? ಯಾವ ಪುಣ್ಯಾತ್ಮ ಕೂತು ಮಾಡಿದ್ನೋ ಇದನ್ನ!”

ಕೆಳಗೆ ಮೂಲೆಯಲ್ಲಿ ಪುಣ್ಯಾತ್ಮನ ಸಹಿ ಇತ್ತು. ಉದ್ದಣ್ಣ ಅದನ್ನು ಆಗಷ್ಟೇ ನೋಡಿ ನಾಲಿಗೆ ಕಚ್ಚಿಕೊಂಡ.

ಒಂದೊಂದು ಪ್ರಶ್ನೆಗೂ ಎಂಜಿನಿಯರರಲ್ಲಿ ಕಾರಣವಿತ್ತು. ಗಾಳಿಯಿಂದ ತಾಮ್ರ ತಣ್ಣಗಾಗುತ್ತದೆ, ಲೆಕ್ಕಕ್ಕೆ ಅದು ಬೇಕು. ಗಂಟೆ ಎಷ್ಟು ದೂರಕ್ಕೆ ಕೇಳುತ್ತದೆಂದು ತಿಳಿಯಬೇಕು. ಸಿಟ್ಟೇನೋ ಬಂತು. ಯಾರ ಮೇಲೆ ಹಾಯಬೇಕೆಂದೇ ತಿಳಿಯಲಿಲ್ಲ.

“ನಾಳೆ ಸಮಿತಿ ಮುಂದೆ ಇಷ್ಟನ್ನೇ ಹೇಳಯ್ಯಾ.”

ಉದ್ದಣ್ಣ ಫಾರಂ ಕಟ್ಟನ್ನು ತನ್ನ ಕಡೆಗೆ ಎಳೆದುಕೊಂಡ. “ಹನ್ನೊಂದು ವರ್ಷ ಸುಳ್ಳು ಬರೆದು ಸಹಿ ಹಾಕಿದೀನಿ ಅಂತ ಹೇಳ್ಲಾ ಸಾರ್? ಇನ್ನೆರಡು ವರ್ಷ ಸರ್ವೀಸಿದೆ. ಮನೆಗೆ ಕಳಿಸಿಬಿಡ್ತಾರೆ.”

ಮರುದಿನ ಉದ್ದಣ್ಣ ಲಾಗ್‌ಬುಕ್ಕುಗಳನ್ನು ಹೊತ್ತು ತಂದು ಬಾಗಿಲ ಬಳಿ ಕುಳಿತಿದ್ದ. ಸಮಿತಿಯ ಅಧ್ಯಕ್ಷರು ಕನ್ನಡಕದ ಮೇಲಿನಿಂದ ನೋಡಿದರು.

“ಹನ್ನೊಂದು ವರ್ಷದಲ್ಲಿ ಇದು ಒಂದು ಸಲಾನಾದ್ರೂ ಗಂಟೆ ಬಾರಿಸಿದೆಯೇನ್ರೀ?”

ಎಂಜಿನಿಯರರ ನಾಲಿಗೆಯ ತುದಿಯಲ್ಲಿ ನಲವತ್ತು ಎಂಬ ಸಂಖ್ಯೆ ಕುಳಿತಿತ್ತು. ಇಡೀ ಜೀವನದಲ್ಲಿ ಅವರಿಗೆ ಸಿಕ್ಕ ಅತ್ಯಂತ ಒಳ್ಳೆಯ ಫಲಿತಾಂಶ ಅದು. ಬಾಗಿಲ ಬಳಿ ಉದ್ದಣ್ಣ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಎತ್ತರದ ಮನುಷ್ಯ ಅಷ್ಟು ಗಿಡ್ಡವಾದದ್ದನ್ನು ಎಂಜಿನಿಯರರು ಎಂದೂ ಕಂಡಿರಲಿಲ್ಲ.

“ದಾಖಲೆಯಲ್ಲಿ ಇಲ್ಲ,” ಎಂದರು.

“ಹಾಗಾದ್ರೆ ಏನು, ಗೋಡೆಗೆ ಅಲಂಕಾರಕ್ಕೆ ಇಟ್ಟಿದ್ದಾ?”

ಎಲ್ಲರೂ ನಕ್ಕರು. ಎರಡೇ ವಾರದಲ್ಲಿ ಡಬ್ಬ ಕಿತ್ತರು.

ಒಂದು ತಿಂಗಳ ಮೇಲೆ ಡಬ್ಬದ ಉಳಿದ ತಂತಿಗಳನ್ನು ತರಲು ಎಂಜಿನಿಯರರು ಸಬ್‌ಸ್ಟೇಷನ್ನಿಗೆ ಹೋದಾಗ ವಾರದ ಸ್ವಚ್ಛತೆಗೆಂದು ಲೈನು ಬಂದ್ ಆಗಿತ್ತು. ಉದ್ದಣ್ಣ ಏಣಿಯ ಮೇಲಿದ್ದ. ತಾಮ್ರದ ಪ್ರತಿ ಜೋಡಣೆಗೂ ಮೇಣದ ಒಂದೊಂದು ಉಂಡೆ ಅಂಟಿಸುತ್ತಿದ್ದ.

“ಇದೇನಯ್ಯಾ?”

“ಮೇಣದಬತ್ತಿ ಸಾರ್. ಬಿಸಿಯಾದ್ರೆ ಕರಗಿ ಬೀಳುತ್ತೆ. ಕೆಳಗೆ ನಿಂತು ನೋಡಿದ್ರೂ ಕಾಣುತ್ತೆ. ನಿಮ್ಮ ಡಬ್ಬದಷ್ಟು ಚುರುಕಿಲ್ಲ ಅನ್ನಿ, ಆದ್ರೂ ನಡೆಯುತ್ತೆ.”

“ಎಷ್ಟು ಡಿಗ್ರಿಗೆ ಕರಗುತ್ತೆ? ಎಲ್ಲ ಉಂಡೆನೂ ಒಂದೇ ತೂಕ ಇದ್ಯಾ? ಬಿದ್ದ ತಾರೀಕು ಎಲ್ಲಿ ಬರೆದಿಡ್ತಿದ್ದೀಯ?” ಎಂಜಿನಿಯರರ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಗಿತ್ತು.

ಉದ್ದಣ್ಣ ಏಣಿಯ ಮೇಲಿನಿಂದ ಗಾಬರಿಯಾಗಿ ನೋಡಿದ. “ಸಾರ್, ದಯವಿಟ್ಟು...”

ಎಂಜಿನಿಯರರು ಪೆನ್ನನ್ನು ಒಳಕ್ಕೆ ತುರುಕಿದರು. ಏಣಿಯ ಬುಡದಲ್ಲಿ ಉಳಿದ ಮೇಣದಬತ್ತಿಗಳನ್ನು ಕಾಗದದಲ್ಲಿ ಸುತ್ತಿಟ್ಟಿತ್ತು. ಅವರದೇ ಫಾರಂ. ಬಿಡಿಸಿ ಓದಿದರೆ ಹತ್ತೊಂಬತ್ತನೆಯ ಪ್ರಶ್ನೆಯಲ್ಲಿ ಅಚ್ಚಿನ ತಪ್ಪೊಂದು ಕಾಣಿಸಿತು. ಹನ್ನೊಂದು ವರ್ಷದಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ಅವರು ಒಂದು ಮೇಣದಬತ್ತಿ ಮುರಿದು, ಉಂಡೆ ಮಾಡಿ, ಮೇಲಕ್ಕೆ ಕೊಟ್ಟರು.