ಸಾಕ್ಷಿ ಒಗೆದವಳು

ನಮ್ಮ ಹಾಸ್ಟೆಲಿಗೆ ನಾಲ್ಕು ಮಹಡಿ, ಮಹಡಿಗೆ ಒಂಬತ್ತು ಬಚ್ಚಲು. ಎಲ್ಲವನ್ನೂ ತಿಕ್ಕುವವಳು ನಾನೊಬ್ಬಳೇ. ಬ್ಲೀಚಿಂಗ್ ಪುಡಿ ನನ್ನ ಬೆರಳ ಗೆರೆಗಳನ್ನೇ ತಿಂದುಹಾಕಿದೆ. ಹಾಜರಿ ಮಿಷನ್ನಿಗೆ ಹೆಬ್ಬೆಟ್ಟು ಒತ್ತಿದರೆ ‘ಯಾರು ನೀನು?’ ಎನ್ನುವ ಹಾಗೆ ಕೀ ಕೀ ಅನ್ನುತ್ತದೆ. ಹನ್ನೆರಡು ವರ್ಷವಾದರೂ ಅದಕ್ಕೆ ನನ್ನ ಗುರುತಿಲ್ಲ, ವಾರ್ಡನ್ನಿಗೂ ಇಲ್ಲ.

ಹುಡುಗಿಯರಿಗೆ ಮಾತ್ರ ಉಂಟು. ಎಣ್ಣೆ, ತುಕ್ಕು, ಮುಟ್ಟಿನ ರಕ್ತ, ಎಂಥ ಕಲೆಯಾದರೂ ನನ್ನ ಕೈಗೆ ಬಂದರೆ ಮಾಯ. “ಕಲೆ ಗೊತ್ತಿರೋರು, ಅದಕ್ಕೇ ಕಲಾವಿದೆ ಆಂಟಿ” ಎಂದು ರೇಗಿಸುತ್ತಿದ್ದರು. ನಾನೂ ಬೀಗುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಮೂರನೇ ಮಹಡಿಯ ಬಚ್ಚಲಲ್ಲಿ ನಲ್ಲಿ ಸುರಿಯುತ್ತಲೇ ಇತ್ತು. “ನೀರೇನು ನಿಮ್ಮಪ್ಪನ ಮನೇದಾ?” ಎಂದು ಬಾಗಿಲು ಬಡಿದೆ. ಚಿಲಕ ಹಾಕಿರಲಿಲ್ಲ. ಮೊದಲ ವರ್ಷದ ಹುಡುಗಿ, ಲ್ಯಾಬಿನ ಬಿಳಿ ಕೋಟು ಸಮೇತ ನಲ್ಲಿಯ ಕೆಳಗೆ ಕೂತಿದ್ದಳು. ಕೋಟಿನ ಗುಂಡಿ ಕಿತ್ತುಬಂದಿತ್ತು. ಮಣಿಕಟ್ಟಿನಲ್ಲಿ ಐದು ಬೆರಳು ಮೂಡಿದ್ದವು.

“ಏನಾಯ್ತು ಮಗಾ?”

“ಲ್ಯಾಬ್ ಸರ್ ರೆಕಾರ್ಡ್ ತಿದ್ದಬೇಕು ಬಾ ಅಂದ್ರು. ಬಾಗಿಲು ಹಾಕಿದ್ರು. ಬೇಡ ಬೇಡ ಅಂದೆ ಆಂಟಿ. ಕಿರುಚೋಕೆ ಹೋದೆ, ದನಿನೇ ಬರಲಿಲ್ಲ.”

ಉಳಿದದ್ದನ್ನು ಬಟ್ಟೆಯೇ ಹೇಳುತ್ತಿತ್ತು. ನನಗೆ ಗೊತ್ತಿದ್ದದ್ದು ಒಂದೇ ಕೆಲಸ, ಅದನ್ನೇ ಮಾಡಿದೆ. ಬಿಸಿನೀರು ತಂದು ಅಡಿಯಿಂದ ಮುಡಿಯವರೆಗೆ ತಿಕ್ಕಿ ಸ್ನಾನ ಮಾಡಿಸಿದೆ. ಬಟ್ಟೆಗಳನ್ನು ಉಪ್ಪು ಹಾಕಿದ ತಣ್ಣೀರಲ್ಲಿ ನೆನೆಸಿ, ಸೋಪು ಹಚ್ಚಿ, ಬ್ಲೀಚು ಹಾಕಿ ಒಗೆದೆ. ಗುಂಡಿಯನ್ನೂ ಹೊಲಿದೆ. ಮರುದಿನ ಇಸ್ತ್ರಿ ಮಾಡಿ ಕೈಗಿಟ್ಟು, “ನೋಡು, ಏನೂ ಉಳಿದಿಲ್ಲ” ಎಂದೆ. ಆ ಮಾತು ನೆನಪಾದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಮೂರನೇ ದಿನ ಅವಳೇ ಧೈರ್ಯ ಮಾಡಿ ದೂರು ಬರೆದಳು. ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ. ಪ್ರಿನ್ಸಿಪಾಲರು, ವಾರ್ಡನ್, ಪಕ್ಕದಲ್ಲೇ ಕನ್ನಡಕ ಒರೆಸುತ್ತ ಆ ಲ್ಯಾಬ್ ಮೇಷ್ಟ್ರು. ಅವಳು, ಅವಳ ಜೊತೆಗೆ ನಾನು, ನಿಂತುಕೊಂಡು.

“ಅವತ್ತಿನ ಬಟ್ಟೆ ಎಲ್ಲಿ?” ಎಂದರು ಪ್ರಿನ್ಸಿಪಾಲರು.

“ಒಗೆದೆ ಸಾರ್,” ಎಂದೆ.

“ಒಗೆದ್ಯಾ? ಯಾರು ಹೇಳಿದ್ದು?”

“ಯಾರೂ ಹೇಳಲಿಲ್ಲ ಸಾರ್. ಕೊಳೆಯಾಗಿತ್ತು.”

“ನೋಡಿ ಮೇಡಂ, ದಿನಾ ಬಚ್ಚಲು ಗಬ್ಬು ಅಂತ ದೂರ್ತೀರಲ್ಲ. ಎಷ್ಟು ಚೊಕ್ಕ ಕೆಲಸ ನೋಡಿ!” ಎಂದು ಪ್ರಿನ್ಸಿಪಾಲರು ನಕ್ಕರು. ವಾರ್ಡನ್ ನಗಲಿಲ್ಲ. ತಲೆ ತಗ್ಗಿಸಿ ‘ಸಾಕ್ಷ್ಯವಿಲ್ಲ’ ಎಂದು ಬರೆದರು.

“ಇವಳ ಕೈ ನೋಡಿ ಸಾರ್, ಇನ್ನೂ ನೀಲಿಗಟ್ಟಿದೆ. ನಾನು ಕಂಡಿದೀನಿ. ನನ್ನ ಹತ್ರ ಎಲ್ಲ ಹೇಳಿದಾಳೆ.”

“ನೀನು ಹೋಗಿ ನೆಲ ಒರೆಸು.”

ಹುಡುಗಿ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಶನಿವಾರ ಅವಳಪ್ಪ ಬಂದರು. ಟೈಲರ್. ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಓಡಿಬಂದಿದ್ದರು. ಹಾಸಿಗೆ ಸುತ್ತಿ ಹೆಗಲಿಗಿಟ್ಟುಕೊಂಡು ನನ್ನನ್ನು ಕೇಳಿದರು: “ಇಲ್ಲಿ ಊಟ ಒಗ್ಗಲ್ಲ, ಓದಲ್ಲ ಅಂತಾಳೆ. ನಿಜ ಹೇಳಿ ಅಕ್ಕಾ, ಬೇರೇನಾದ್ರೂ ಇದ್ಯಾ?”

ಅಪ್ಪನ ಬೆನ್ನ ಹಿಂದೆ ನಿಂತಿದ್ದ ಮಗಳು ಬೇಡ ಎಂದು ತಲೆ ಆಡಿಸಿದಳು.

“ಊಟಾನೇ ಅಣ್ಣಾ,” ಎಂದೆ. ಅವರು ಗೇಟು ದಾಟಿದ ಮೇಲೆ ಅದೇ ಬಚ್ಚಲಿಗೆ ಹೋಗಿ ಕೂತು ಗೋಳೋ ಎಂದು ಅತ್ತೆ.

ಸೋಮವಾರ ರಜೆ ಹಾಕಿ ದೊಡ್ಡಾಸ್ಪತ್ರೆಗೆ ಹೋದೆ. ಎಲ್ಲವನ್ನೂ ನಾನೇ ಹಾಳು ಮಾಡಿದೆನಾ ಎಂದು ಯಾರನ್ನಾದರೂ ಕೇಳಲೇಬೇಕಿತ್ತು. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು.

“ಸ್ನಾನ ಮಾಡಿಸದೆ, ಒಗೆಯದೆ ಕೂಡಲೇ ಕರ್ಕೊಂಡು ಬಂದಿದ್ರೆ ಚೆನ್ನಾಗಿತ್ತಮ್ಮ. ಆದ್ರೆ ಒಗೆದ ಬಟ್ಟೇಲೂ ಒಮ್ಮೊಮ್ಮೆ ಗುರುತು ಸಿಗುತ್ತೆ. ಗಾಯ ನೀವು ಕಂಡಿದೀರಿ, ಮೊದಲು ನಿಮ್ಮ ಹತ್ರಾನೇ ಹೇಳಿದಾಳೆ. ಅದೂ ಸಾಕ್ಷಿನೇ. ಪೊಲೀಸರಿಗೆ ಈಗಲೂ ದೂರು ಕೊಡಬಹುದು. ಅವಳಿಗೆ ಮನಸ್ಸಿದ್ರೆ ಮಾತ್ರ, ಬಲವಂತ ಬೇಡ.”

ಹಾಗಾದರೆ ಪ್ರಿನ್ಸಿಪಾಲರ ಕೋಣೆಯಲ್ಲಿ ನನ್ನ ಬಾಯಿ ಮುಚ್ಚಿಸಿದ್ದು ತಿಳಿಯದೆ ಅಲ್ಲ.

ಹುಡುಗಿಗೆ ಫೋನು ಮಾಡಿ ಎಲ್ಲ ಹೇಳಿದೆ. ಆ ಕೋಟು ಎಸೆಯಬೇಡ ಎಂದೆ.

“ಈಗ ನನ್ನ ಕೈಲಾಗಲ್ಲ ಆಂಟಿ.”

“ಆದಾಗ ಹೇಳು, ಬರ್ತೀನಿ. ಆಗದೇ ಹೋದ್ರೂ ತಪ್ಪು ನಿಂದಲ್ಲ ಮಗಾ.”

ಮುಂದಿನ ವರ್ಷದ ಮಕ್ಕಳು ಬಂದರು. ಸ್ವಾಗತ ಸಭೆ. ವೇದಿಕೆಯ ಮೇಲೆ ಮೇಷ್ಟ್ರೂ ಇದ್ದ. ಅವನಿಗೆ ಬಹುವಚನ ಕೊಡುವುದನ್ನು ನಾನು ಬಿಟ್ಟಿದ್ದೇನೆ. “ಇದು ನಿಮ್ಮ ಎರಡನೇ ಮನೆ. ಏನಾದ್ರೂ ಕೇಳೋದಿದ್ಯಾ?” ಎಂದರು ಪ್ರಿನ್ಸಿಪಾಲರು. ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಮುಂದೆ ಹೋದೆ.

“ಕೇಳೋದಲ್ಲ, ಹೇಳೋದಿದೆ. ಮಕ್ಳೇ, ಯಾರೇ ಆಗ್ಲಿ, ಮೇಷ್ಟ್ರೇ ಆಗ್ಲಿ, ನಿಮ್ಮನ್ನ ಬಲವಂತ ಮಾಡಿದ್ರೆ ಸ್ನಾನ ಮಾಡ್ಬೇಡಿ, ಬಟ್ಟೆ ಒಗೀಬೇಡಿ. ನನ್ನ ಕರೀರಿ. ಆಸ್ಪತ್ರೆಗೂ ಠಾಣೆಗೂ ಜೊತೆಗೆ ಬರ್ತೀನಿ. ಒಗೆದಿದ್ರೂ ಬನ್ನಿ, ಎಷ್ಟು ದಿನ ಆಗಿದ್ರೂ ಬನ್ನಿ. ಇದು ಗೊತ್ತಿಲ್ದೆ ನಾನು ಒಂದು ಮಗೂಗೆ ಅನ್ಯಾಯ ಮಾಡಿದೆ.”

“ಯಾರ್ರೀ ಅಲ್ಲಿ, ಇವಳನ್ನ ಹೊರಗೆ ಹಾಕ್ರೀ!”

ಯಾರಾದರೂ ಬರುವ ಮೊದಲೇ ಹಿಂದಿನ ಸಾಲಿನಲ್ಲಿ ಕೊನೆಯ ವರ್ಷದ ಹುಡುಗಿಯೊಬ್ಬಳು ಎದ್ದು ನಿಂತಳು. ಮೇಷ್ಟ್ರ ಕಡೆಗೆ ಬೆರಳು ಮಾಡಿದಳು.

“ನಂದು ಎರಡು ವರ್ಷ ಆಯ್ತು ಆಂಟಿ. ಅದೇ ಲ್ಯಾಬು. ನನ್ನ ಕೋಟೂ ನೀವೇ ಒಗೆದುಕೊಟ್ರಿ. ಶಾಯಿ ಚೆಲ್ಲಿದೆ ಅಂದಿದ್ದೆ. ಶಾಯಿ ಅಲ್ಲ ಅಂತ ನಿಮಗೆ ಗೊತ್ತಾಗಿತ್ತು. ಆದ್ರೂ ನೀವು ಏನೂ ಕೇಳಲಿಲ್ಲ.”

ಹೌದು, ಗೊತ್ತಾಗಿತ್ತು. ನಮಗ್ಯಾಕೆ ಅಂತ ಸುಮ್ಮನಿದ್ದೆ. ಅವತ್ತೇ ಕೇಳಿದ್ದರೆ ಟೈಲರ್ ಮಗಳು ಇವತ್ತು ಈ ಹಾಲಿನಲ್ಲಿ ಕೂತಿರುತ್ತಿದ್ದಳು.

“ಈಗ ಕೇಳ್ತಿದೀನಿ ಮಗಾ, ಹೇಳು,” ಎಂದೆ.

“ಕೂತ್ಕೋ!” ಎಂದು ಪ್ರಿನ್ಸಿಪಾಲರು ಅರಚಿದರು.

ಅವಳು ಕೂರಲಿಲ್ಲ. ಅವಳ ಪಕ್ಕದವಳೂ ಎದ್ದಳು.